ಹೊಲಿಗೆ ಹಾಕಿದ ಗೋಡೆ

ಊರಿನವರು ಅವನನ್ನು ಹೊಲಿಗೆ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಸೂಜಿ ಹಿಡಿದವನಲ್ಲ, ಬಟ್ಟೆ ಕತ್ತರಿಸಿದವನಲ್ಲ; ಕಿತ್ತುಹೋದ ಅಂಗಿಗುಂಡಿಯನ್ನು ಕೂಡ ಹೆಂಡತಿ ಬದುಕಿದ್ದ ತನಕ ಅವಳೇ ಹಾಕಿಕೊಡುತ್ತಿದ್ದಳು. ಅವನು ಹೊಲಿದದ್ದು ಕಲ್ಲನ್ನು. ಒಂದು ಹಳೇ ಮನೆಯನ್ನೂ ಅದಕ್ಕೆ ಅಂಟಿಕೊಂಡ ಕೊಟ್ಟಿಗೆಯನ್ನೂ ಹದಿನೇಳು ಉದ್ದನೆಯ ಕಲ್ಲುಗಳಿಂದ ಬೆಸೆದ. ಆ ಒಂದೇ ಕೆಲಸಕ್ಕೆ ಬಂದ ಹೆಸರು ವರ್ಷಗಟ್ಟಲೆ ಅವನ ಹಿಂದೆ ನಡೆಯಿತು. ನಾಲ್ಕು ಜನರ ಬಾಯಲ್ಲಿ ಹೆಸರು ಬಂದರೆ ಸಾಕಪ್ಪ ಎಂದು ಒದ್ದಾಡುವವರಿದ್ದಾರಲ್ಲ, ಅವರು ಮೊದಲು ಇವನ ಕಥೆ ಕೇಳಲಿ, ಆಮೇಲೆ ಬೇಕಾದರೆ ಒದ್ದಾಡಲಿ.

ಮನೆ ಹೇಗಿತ್ತು ಎಂದು ಗೊತ್ತಾಗದೆ ಮನುಷ್ಯನ ಸಂಕಟ ಗೊತ್ತಾಗುವುದಿಲ್ಲ. ಇಳಿಜಾರಿನ ಮೇಲೆ ಉದ್ದಕ್ಕೆ ಮಲಗಿದ ಕಲ್ಲಿನ ಕಟ್ಟಡ. ಮೇಲಿನ ಅರ್ಧದಲ್ಲಿ ಜನ, ಕೆಳಗಿನ ಅರ್ಧದಲ್ಲಿ ದನ, ಕೊಟ್ಟಿಗೆಯ ಮೇಲೆ ಹುಲ್ಲಿನ ಅಟ್ಟ. ಗೋಡೆ ಎರಡು ಮೊಳ ದಪ್ಪ: ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಜಲ್ಲಿ, ಮಣ್ಣು, ಸುಣ್ಣ. ಕಿಟಕಿಗಳು ಹೊರಗೆ ಕಿರಿದು, ಒಳಗೆ ಅಗಲ. ಆ ಅಗಲದಲ್ಲಿ ಮಗು ಕಾಲು ಮಡಚಿಕೊಂಡು ಕೂತು ಓದಬಹುದು. ಅಡುಗೆಮನೆಯಿಂದ ಕೊಟ್ಟಿಗೆಗೆ ಒಂದು ಒಳಬಾಗಿಲು. ಚಳಿಯಲ್ಲಿ ದನಗಳ ಮೈಬಿಸಿ ಮನೆಗೂ ಬರಲಿ ಎಂದು ಹಿಂದಿನವರು ಇಟ್ಟ ಬಾಗಿಲು ಅದು. ಆ ಬಾಗಿಲಿದ್ದ ನಡುಗೋಡೆಯ ಮೇಲೆ ಮನೆಯ ಐದು ತೊಲೆಗಳ ತುದಿ ಕೂತಿತ್ತು, ತೊಲೆಗಳ ಮೇಲೆ ಮಹಡಿಯ ಕೋಣೆ.

ಮನೆಯ ಬಾಗಿಲ ಮೇಲೆ ಕೆತ್ತಿದ ಇಸವಿ ಒಂದು, ಕೊಟ್ಟಿಗೆ ಬಾಗಿಲ ಮೇಲೆ ಕೆತ್ತಿದ ಇಸವಿ ಇನ್ನೊಂದು. ಎರಡರ ನಡುವೆ ಅರವತ್ತೆರಡು ವರ್ಷ. ಅಂದರೆ ಮೊಮ್ಮಕ್ಕಳ ಕಾಲದಲ್ಲಿ ಕೊಟ್ಟಿಗೆ ಕಟ್ಟಿಸಿ ಮನೆಗೆ ಒರಗಿಸಿದ್ದಾರೆ. ಮನೆ ಕೂತದ್ದು ಬಂಡೆಯ ಮೇಲೆ, ಕೊಟ್ಟಿಗೆ ಕೂತದ್ದು ತಂದು ತುಂಬಿದ ಮಣ್ಣಿನ ಮೇಲೆ. ಎರಡೂ ಸೇರುವ ಜಾಗದಲ್ಲಿ ಸೂರಿನಿಂದ ನೆಲದವರೆಗೆ ನೆಟ್ಟಗೆ ಒಂದು ಸೀಳು, ಹೆಬ್ಬೆರಳು ತೂರುವಷ್ಟು.

ಮೇಸ್ತ್ರಿಯ ಅಪ್ಪನೂ ಕಲ್ಲುಕೆಲಸದವನೇ. ಮೂರು ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ ಸೀಳಿನೊಳಗಿನ ಹಳೇ ಮಣ್ಣನ್ನು ಕೆರೆದು ತೆಗೆದು, ಹುಲ್ಲು ಕಲಸಿದ ಮೆತ್ತನೆಯ ಸುಣ್ಣದ ಮಣ್ಣು ತುಂಬಿ ಬರುತ್ತಿದ್ದ. ಆ ಕಾಲದ ಕಸುಬುದಾರರಲ್ಲಿ ಒಂದು ಕೆಟ್ಟ ಪದ್ಧತಿ ಇತ್ತು. ಹೇಗೆ ಮಾಡಬೇಕೆಂದು ಮಾಡಿ ತೋರಿಸುವರು, ಯಾಕೆ ಹಾಗೆ ಮಾಡಬೇಕೆಂದು ಸತ್ತರೂ ಹೇಳರು. ಬಾಯಿಯಲ್ಲಿ ಕಲಿತ ಕೆಲಸ ಕೈಗೆ ಬರುವುದಿಲ್ಲವಂತೆ. ಎಂಥ ವಾದವೋ ಏನೋ.

"ಸಿಮೆಂಟು ಹಾಕಿ ಒಂದೇ ಸಲ ಮುಚ್ಚಿಬಿಡೋಣ ಅಪ್ಪ. ಪದೇ ಪದೇ ಬರೋ ತಾಪತ್ರಯ ಇರಲ್ಲ" ಎಂದು ಮಗ ಒಮ್ಮೆ ಹೇಳಿದ.

"ಅದನ್ನ ಮುಟ್ಟಬೇಡ" ಎಂದ ಅಪ್ಪ.

"ಯಾಕೆ?"

ಅಪ್ಪ ಕೈ ತೊಳೆಯಲು ಬಾವಿಕಟ್ಟೆಗೆ ಹೋದ. ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಅಪ್ಪನೂ ಮುಗಿದ, ಯಾಕೆ ಎನ್ನುವುದನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದ.

ಅಪ್ಪ ಸತ್ತ ಎರಡನೇ ವರ್ಷ ಆ ಮನೆಯ ಯಜಮಾನರು ಹೇಳಿಕಳಿಸಿದರು. ಸೀಳಿನಿಂದ ಗಾಳಿ ಶಿಳ್ಳೆ ಹೊಡೆಯುತ್ತಿತ್ತು, ಇಲಿಗಳು ಸಂತೆ ನಡೆಸುತ್ತಿದ್ದವು. "ನಿಮ್ಮಪ್ಪ ಮೂರು ವರ್ಷಕ್ಕೊಂದು ಸಲ ಮೆತ್ತಿ ಹೋಗ್ತಿದ್ದರು. ನಿನ್ನ ಕೈಲಿ ಇದಕ್ಕೊಂದು ಗತಿ ಕಾಣ್ಸೋಕಾಗುತ್ತಾ?" ಎಂದು ಕೇಳಿದರು.

ಮೇಸ್ತ್ರಿಗೆ ಆಗ ನಲವತ್ತಮೂರು. ಕೈಯಲ್ಲಿ ಶಕ್ತಿ, ಕಣ್ಣಲ್ಲಿ ಅಳತೆ, ತಲೆಯಲ್ಲಿ ಸ್ವಲ್ಪ ಗಾಳಿ. ಅಪ್ಪನ ಮಾತು ನೆನಪಾಗಲಿಲ್ಲವೆಂದಲ್ಲ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಲಾದೀತೇ ಎಂದುಕೊಂಡ. ಇಷ್ಟು ವರ್ಷ ಮುದುಕ ಮಣ್ಣು ಮೆತ್ತಿದ್ದು ಗಟ್ಟಿ ಕೆಲಸ ಬಾರದ್ದಕ್ಕೆ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಯೋಚನೆಯೂ ಸುಳಿಯಿತು. ಇದನ್ನು ಅವನು ಯಾರಲ್ಲೂ ಹೇಳಿಕೊಂಡಿಲ್ಲ, ಆದರೆ ಸುಳಿದದ್ದು ನಿಜ.

ಏಳು ವಾರ ಕೆಲಸ ನಡೆಯಿತು. ಎರಡು ಮೊಳ ಉದ್ದದ ಕಲ್ಲುಗಳನ್ನು ತಾನೇ ಆರಿಸಿ ತಂದ. ಸೀಳಿನ ಈಚೆ ಮನೆಯ ಗೋಡೆಯಲ್ಲೂ ಆಚೆ ಕೊಟ್ಟಿಗೆಯ ಗೋಡೆಯಲ್ಲೂ ಗೂಡು ಕೊರೆದು, ಪ್ರತಿ ಕಲ್ಲನ್ನೂ ಅರ್ಧ ಅಲ್ಲಿ ಅರ್ಧ ಇಲ್ಲಿ ಕೂರುವಂತೆ ಅಡ್ಡಡ್ಡ ಇಟ್ಟು, ಸುತ್ತ ಸಿಮೆಂಟು ಜಡಿದ. ಮುಂದಿನ ಗೋಡೆಗೆ ಒಂಬತ್ತು, ಹಿಂದಿನದಕ್ಕೆ ಎಂಟು. ಮುಗಿದಾಗ ಒಂದು ಕೂದಲು ತೂರುವ ಸಂದೂ ಉಳಿದಿರಲಿಲ್ಲ. ಅಕ್ಕಪಕ್ಕದ ಊರಿನ ಮೇಸ್ತ್ರಿಗಳು ಸೈಕಲ್ಲು ಹತ್ತಿ ನೋಡಲು ಬಂದರು. ಹೊಟ್ಟೆಕಿಚ್ಚಿನವರು ಕೂಡ ಬೆರಳಾಡಿಸಿ ನೋಡಿ ತೆಪ್ಪಗೆ ಹೋದರು.

ಯಜಮಾನರಿಗಂತೂ ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಕಲ್ಲನ್ನೇ ಹೀಗೆ ಹೊಂದಿಸೋನು ಮಗಳನ್ನ ಹೇಗೆ ಬೆಳೆಸಿರಬೇಡ. ದೊಡ್ಡವಳಾಗಲಿ, ನಮ್ಮ ಹುಡುಗನಿಗೇ ತಂದ್ಕೋತೀವಿ" ಎಂದರು. ಕುಡಿದು ಆಡಿದ ಮಾತಲ್ಲ. ಐದು ವರ್ಷ ಕಾದು, ಮಗಳಿಗೆ ಇಪ್ಪತ್ತಾದಾಗ ಬಂದು ಕೇಳಿದರು. ಹೀಗೆ ಮೇಸ್ತ್ರಿಯ ಒಬ್ಬಳೇ ಮಗಳು ಅವನೇ ಹೊಲಿದ ಗೋಡೆಯ ಮನೆಗೆ ಸೊಸೆಯಾಗಿ ಹೋದಳು. ಅಳಿಯ ಒಳ್ಳೆಯವನು, ದುಡಿಯುವವನು, ಬಂದವರಿಗೆಲ್ಲ ಮೊದಲು ಗೋಡೆ ತೋರಿಸಿ ಆಮೇಲೆ ಚಹಾ ಕೊಡುವವನು. ಯಜಮಾನರು ತೀರಿಕೊಂಡರು, ಮೇಸ್ತ್ರಿಯ ಹೆಂಡತಿಯೂ ಹೋದಳು, ಮೊಮ್ಮಗಳು ಹುಟ್ಟಿದಳು. ಬದುಕು ನೆಟ್ಟಗೇ ನಡೆಯುತ್ತಿತ್ತು.

ಮೊಮ್ಮಗಳಿಗೆ ನಾಲ್ಕು ವರ್ಷವಾದಾಗ ಮೇಸ್ತ್ರಿ ಮೊದಲ ಬಿರುಕು ನೋಡಿದ. ಸೀಳಿದ್ದ ಜಾಗದಲ್ಲಲ್ಲ. ಅಲ್ಲಿಂದ ಒಂದು ಮಾರು ಈಚೆಗೆ, ಮನೆಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಸೂರಿನ ಕಡೆಗೆ ಹೊರಟ ನೂಲಿನಂಥ ಗೆರೆ. ಹಳೇ ಮನೆಗೆ ಇದೆಲ್ಲ ಇದ್ದದ್ದೇ ಎಂದು, ಬಣ್ಣ ಹೊಂದಿಸಿ ಸುಣ್ಣದ ಗಾರೆ ತುಂಬಿದ. ಮರುವರ್ಷ ಗೆರೆ ಮತ್ತೆ ಬಾಯಿ ಬಿಟ್ಟಿತ್ತು. ಮತ್ತೆ ತುಂಬಿದ. ಅಂಗಳದಲ್ಲಿ ದೂರ ನಿಂತು ನೋಡಿದ. ತನ್ನ ಒಂಬತ್ತು ಕಲ್ಲು ಹಾಕಿದ ಹಾಗೇ ಇವೆ, ಅಲುಗಿಲ್ಲ. ಹೊಲಿಗೆ ಬಿಚ್ಚಿಲ್ಲ, ಬಟ್ಟೆ ಹರಿಯುತ್ತಿದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತ.

ಅಪ್ಪ ಹೇಳದೆ ಹೋದ ಯಾಕೆ ಈಗ ಗೊತ್ತಾಯಿತು. ಮಣ್ಣಿನ ಮೇಲಿನ ಕೊಟ್ಟಿಗೆ ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ಕುಸಿಯುತ್ತ ಕೆಳಗೆ ಜಾರುತ್ತಿತ್ತು. ಸೀಳು ಇದ್ದಾಗ ಅದು ಒಂಟಿಯಾಗಿ ಜಾರುತ್ತಿತ್ತು, ಮೆತ್ತನೆಯ ಮಣ್ಣು ಅದಕ್ಕೆ ದಾರಿ ಬಿಡುತ್ತಿತ್ತು, ಬಂಡೆಯ ಮೇಲಿನ ಮನೆಗೆ ಅದರ ಗೊಡವೆ ಇರಲಿಲ್ಲ. ಇವನು ಎರಡಕ್ಕೂ ಗಂಟು ಹಾಕಿದ. ಈಗ ಕೊಟ್ಟಿಗೆ ಹೋಗುವಾಗ ನಡುಗೋಡೆಯನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತಿದೆ.

ಅಂದೇ ಮಹಡಿಗೆ ಹತ್ತಿ, ಗೋಡೆ ಪಕ್ಕದ ಹಲಗೆಯೊಂದನ್ನು ಎಬ್ಬಿಸಿ ತೊಲೆಗಳ ತುದಿ ನೋಡಿದ. ತೊಲೆಗಳೆಲ್ಲ ನೂರಾರು ವರ್ಷದ ಹೊಗೆ ಕುಡಿದು ಕಪ್ಪಾಗಿದ್ದವು. ಗೋಡೆಗೆ ತಾಗುವ ಕಡೆ ಮಾತ್ರ ಪ್ರತಿ ತೊಲೆಯಲ್ಲೂ ಹೊಗೆ ಕಾಣದ ಬಿಳಿ ಮರ ಹೊರಗೆ ಇಣುಕುತ್ತಿತ್ತು. ಅಷ್ಟೂ ಹಿಂದೆ ಗೋಡೆಯೊಳಗೆ ಇದ್ದದ್ದು. ಆರು ಬೆರಳು ಒಳಗಿರಬೇಕಾದ ತೊಲೆ ಈಗ ನಾಲ್ಕು ಬೆರಳು ಮಾತ್ರ ಒಳಗಿತ್ತು. ಹಲಗೆಯ ಆ ಕಡೆ ಮೊಮ್ಮಗಳ ಹಾಸಿಗೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಆ ಮನೆಯಲ್ಲಿ ಮಗಳಿಗೆ ಸಿಕ್ಕ ಮರ್ಯಾದೆ ಆ ಗೋಡೆಯಿಂದ ಬಂದದ್ದು. ಗೋಡೆಯೇ ತಪ್ಪೆಂದು ತಾನೇ ಹೇಗೆ ಹೇಳಲಿ ಎಂದು ಹೇಡಿಯಾದ. ಅವನನ್ನು ಹೇಡಿ ಎನ್ನದೆ ಬೇರೆ ಏನೂ ಎನ್ನುವಂತಿಲ್ಲ, ಅವನೂ ತನ್ನನ್ನು ಹಾಗೇ ಕರೆದುಕೊಳ್ಳುತ್ತಿದ್ದ. ಕಳ್ಳನ ಹಾಗೆ ಉಪಾಯ ಹುಡುಕಿದ. ಹೊಲಿಗೆ ಬಿಚ್ಚೋಣವೆಂದರೆ ನಡುಗೋಡೆ ಈಗ ಆ ಹೊಲಿಗೆಗೇ ಜೋತುಬಿದ್ದಿದೆ, ಬಿಚ್ಚಿದರೆ ಬೀಳುತ್ತದೆ. ಬಿಚ್ಚದಿದ್ದರೆ ಕೊಟ್ಟಿಗೆ ಎಳೆದು ಬೀಳಿಸುತ್ತದೆ. ಕೊಟ್ಟಿಗೆಯ ಬುಡಕ್ಕೆ ಕಲ್ಲು ಕೊಡೋಣವೆಂದು ಅಗೆದ, ಮೊಳದಾಳಕ್ಕೆ ಹಸಿಮಣ್ಣು ಜರಿದು ಗುಂಡಿಯೇ ಮುಚ್ಚಿಹೋಯಿತು. ತೊಲೆಗೆ ಕಂಬ ಕೊಟ್ಟರೆ ತೊಲೆ ನಿಂತೀತು, ಎರಡು ಮೊಳ ದಪ್ಪದ ಗೋಡೆ ನಿಲ್ಲುತ್ತದೆಯೇ? ಆ ಗೋಡೆಯ ಒಂದು ಬದಿಗೆ ಮಗಳು ಒಲೆ ಹಚ್ಚುತ್ತಾಳೆ, ಇನ್ನೊಂದು ಬದಿಗೆ ಅಳಿಯ ಹಾಲು ಕರೆಯುತ್ತಾನೆ.

ಮೊಮ್ಮಗಳಿಗೆ ಹತ್ತಾದಾಗ ಹಳೇ ಕಟ್ಟಡಗಳ ಲೆಕ್ಕ ಬರೆಯುವ ಸರ್ಕಾರಿ ಹೆಣ್ಣುಮಗಳೊಬ್ಬಳು ಟೇಪು, ಕ್ಯಾಮೆರಾ ತಂದಳು. ಎರಡು ದಿನ ಮೂಲೆ ಮೂಲೆ ಅಳೆದಳು. ಮೇಸ್ತ್ರಿ ಧೈರ್ಯ ಮಾಡಿ ಅವಳ ಹತ್ತಿರ ಹೋದ.

"ಅಮ್ಮಾ, ಈ ಅಡ್ಡಗಲ್ಲೆಲ್ಲ ನಾನು ಹಾಕಿದ್ದು. ತಪ್ಪು ಕೆಲಸ. ಗೋಡೆ ಎಳೀತಾ ಇದೆ."

ಅವಳು ಗೋಡೆಯನ್ನು ಹತ್ತಿರದಿಂದ ನೋಡಿದಳು. "ಎಲ್ಲಿ ಅಜ್ಜಾ? ಒಂದು ಬಿರುಕೂ ಕಾಣ್ತಿಲ್ಲವಲ್ಲ. ಇಂಥ ಕೈಕೆಲಸ ನಾನು ಎಲ್ಲೂ ನೋಡಿಲ್ಲ" ಎಂದಳು.

ಅವಳ ತಪ್ಪಲ್ಲ. ಬಿರುಕನ್ನು ವರ್ಷ ವರ್ಷ ಅಷ್ಟು ನಾಜೂಕಾಗಿ ಮುಚ್ಚಿದವನು ಅವನೇ. ಅವಳು ಹೋದ ಮೇಲೆ ಬಾಗಿಲ ಪಕ್ಕಕ್ಕೆ ಆ ಹೊಲಿಗೆಯನ್ನು ಹೊಗಳಿ ಬರೆದ ಒಂದು ಹಿತ್ತಾಳೆಯ ಫಲಕ ಬಂತು. ಅಳಿಯ ಅದನ್ನು ಹುಳಿ ಹಚ್ಚಿ ತಿಕ್ಕುತ್ತಿದ್ದ.

ಆ ಮಳೆಗಾಲ ಮುಗಿದ ಮೇಲೆ ಅಳೆದರೆ ತೊಲೆ ಗೋಡೆಯೊಳಗೆ ಎರಡೇ ಬೆರಳು. ಇನ್ನು ತಡೆಯಲಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ಮುಟ್ಟದೆ ಹೇಳಿದ.

"ಅಳಿಯಂದಿರೇ, ಈ ಮನೆ ಬಿಟ್ಟುಬಿಡಿ. ನಡುಗೋಡೆ ಬೀಳುತ್ತೆ. ನಾನೇ ಹಾಳು ಮಾಡಿದ್ದು."

ಅಳಿಯ ನಕ್ಕ. ಕೆಟ್ಟ ನಗೆಯಲ್ಲ, ಪ್ರೀತಿಯ ನಗೆಯೇ. "ಏನು ಮಾವ ನೀವು. ಈ ಮನೆ ನಿಂತಿರೋದೇ ನಿಮ್ಮ ಹೊಲಿಗೆಯಿಂದ. ಸರ್ಕಾರದೋರೇ ಬರೆದುಕೊಟ್ಟು ಹೋಗಿದ್ದಾರೆ."

"ಅವರಿಗೆ ಗೊತ್ತಾಗಲಿಲ್ಲ. ಬನ್ನಿ, ತೊಲೆ ತೋರಿಸ್ತೀನಿ."

ಅಳಿಯ ಊಟ ಬಿಟ್ಟು ಮೇಲೆ ಬಂದ, ಬಗ್ಗಿ ನೋಡಿದ. "ಹಳೇ ಮರ ಮಾವ, ಒಣಗಿ ಕುಗ್ಗಿದೆ ಅಷ್ಟೇ" ಎಂದ. ಕೆಳಗೆ ಬಂದು ಗೋಡೆಗೆ ಅಂಗೈಯಿಂದ ಎರಡು ಸಲ ಬಡಿದ. "ಇದು ಬೀಳೋದಾ? ನಾನು ಬಿದ್ದೇನು, ಇದು ಬೀಳಲ್ಲ."

ಮಗಳು ಅಪ್ಪನ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದಳು. "ಅಮ್ಮ ಹೋದ ಮೇಲೆ ನಿನಗೆ ಎಲ್ಲಾ ಬೀಳೋ ಹಾಗೇ ಕಾಣ್ಸುತ್ತೆ ಅಪ್ಪ. ಊಟ ಮಾಡು."

"ಮಗುವಿನ ಹಾಸಿಗೆನಾದ್ರೂ ಕೆಳಗೆ ಹಾಕು."

"ಅವಳು ಆ ಕಿಟಕಿ ಬಿಟ್ಟು ಬರಲ್ಲ. ಹೆದರಿಸಬೇಡ ಅವಳನ್ನ" ಎಂದಳು ಮಗಳು.

ಆಮೇಲೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಹೇಳಿದಷ್ಟೂ ಅವನ ಮಾತು ಹಗುರವಾಯಿತು. ಮಾವನಿಗೆ ವಯಸ್ಸಾಯಿತು ಎಂದು ಅಳಿಯ ಬಂದವರ ಮುಂದೆ ಮೆಲ್ಲಗೆ ಹೇಳತೊಡಗಿದ. ಮೇಸ್ತ್ರಿಗೆ ಅನ್ನ ಸೇರದಾಯಿತು. ತನ್ನ ಮೇಲಿನ ನಂಬಿಕೆಯೇ ಮೂರು ಜೀವ ತೆಗೆಯುತ್ತದೆ ಎಂದು ಅವನಿಗೆ ಖಾತ್ರಿಯಾಗಿಹೋಗಿತ್ತು. ವಾರಕ್ಕೊಮ್ಮೆ ಮಹಡಿಗೆ ಹತ್ತಿ ಅಳೆಯುತ್ತಿದ್ದ. ಎರಡು ಬೆರಳು. ಒಂದೂವರೆಯೋ, ಎರಡೂವರೆಯೋ, ನಡುಗುವ ಬೆರಳಿನಲ್ಲಿ ಅಳೆದರೆ ಹೇಗೆ ಗೊತ್ತಾಗಬೇಕು. ಹೀಗೇ ಎರಡು ವರ್ಷ ಹೋಯಿತು.

ಅಳಿಯನ ಅಕ್ಕನ ಮಗನ ಮದುವೆ ಬಂತು. ಮೂರು ದಿನ ಎಲ್ಲರೂ ಹೊರಟರು. "ದನ ನಾನು ನೋಡ್ಕೋತೀನಿ, ನೀವು ಹೋಗಿಬನ್ನಿ" ಎಂದ ಮೇಸ್ತ್ರಿ. ಮೊಮ್ಮಗಳು ಹೊಸ ಬಟ್ಟೆಯಲ್ಲಿ ಕೈಬೀಸುತ್ತ ಹೋದಳು. ವಾಹನ ತಿರುವಿನಲ್ಲಿ ಮರೆಯಾಗುವ ತನಕ ಅವನು ನಿಂತಿದ್ದ.

ಮೊದಲು ದನಗಳನ್ನು ಬಿಚ್ಚಿ ಮೇಲಿನ ಹೊಲದಲ್ಲಿ ಕಟ್ಟಿದ. ಆಮೇಲೆ ಸಾಮಾನು. ಅವತ್ತೆಲ್ಲ ಹೊತ್ತ. ಹಾಸಿಗೆ, ಪೆಟ್ಟಿಗೆ, ಪಾತ್ರೆ, ಮೊಮ್ಮಗಳ ಶಾಲೆಯ ಪುಸ್ತಕ, ಮಗಳು ಮದುವೆಯಲ್ಲಿ ತಂದ ಕನ್ನಡಿ. ಎಲ್ಲವನ್ನೂ ಹೊಲದಂಚಿನ ಮರದಡಿ ಜೋಡಿಸಿ ಮೇಲೆ ತಾಡಪಾಲು ಹೊದಿಸಿದ. ಮರುದಿನ ಬೆಳಗಾದ ಮೇಲೆ ಏಣಿ ಹಾಕಿ, ಸುತ್ತಿಗೆ, ಉಳಿ, ಹಾರೆ ತೆಗೆದುಕೊಂಡು ಗೋಡೆಗೆ ಹತ್ತಿದ. ಎಪ್ಪತ್ತರ ಹತ್ತಿರದ ಮುದುಕ, ಅವನ ಆ ಹಠವನ್ನು ಏನೆನ್ನಬೇಕೋ.

ತುದಿಯ ಕಲ್ಲು ತೆಗೆದರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತದೆ ಎಂದು ಅಂದಾಜು ಮಾಡಿದ್ದ. ತುದಿಯ ಕಲ್ಲು ಬಂತು. ಗೋಡೆ ಅಲುಗಲಿಲ್ಲ. ಎರಡನೆಯದು ತೆಗೆದ, ಮೂರನೆಯದು ತೆಗೆದ. ಗೋಡೆ ಸುಮ್ಮನೆ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಗೋಡೆಯ ಒಂಬತ್ತೂ ನೆಲದಲ್ಲಿದ್ದವು, ಒಂದು ಹೆಂಚು ಕೂಡ ಜಾರಿರಲಿಲ್ಲ. ತನ್ನ ಅಂದಾಜು ತಪ್ಪಿರಬಹುದೇ? ಏಣಿ ಇಳಿದು ನೀರು ಕುಡಿದ. ನಿಲ್ಲಿಸಿಬಿಡಲೇ ಎಂದು ಯೋಚಿಸಿದ. ಆದರೆ ಕಿತ್ತ ಕಲ್ಲು ಒಡೆದಿತ್ತು, ಗೂಡು ಚೂರಾಗಿತ್ತು. ಇಂಥ ಗೋಡೆಯ ಕೆಳಗೆ ಮಗಳನ್ನು ಮಲಗಿಸುವುದು ಇನ್ನು ಹೇಗೂ ಸಾಧ್ಯವಿರಲಿಲ್ಲ. ಏಣಿಯನ್ನು ಹಿಂದಿನ ಗೋಡೆಗೆ ಒಯ್ದ.

ಆರನೆಯ ಕಲ್ಲಿಗೆ ಹಾರೆ ಹಾಕುವಾಗ ಒಳಗೆ ಎಲ್ಲೋ ಒಂದು ಸದ್ದಾಯಿತು. ಅವನು ಇಳಿದು ಹಿತ್ತಲಿಗೆ ಓಡಿದ. ನಡುಗೋಡೆ ಕೊಟ್ಟಿಗೆಯ ಕಡೆಗೆ ವಾಲಿ ಕೂತಿತು, ತೊಲೆಗಳು ಬಿದ್ದವು, ಮಹಡಿ ಅಡುಗೆಮನೆಯ ಮೇಲೆ ಬಂತು. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ನೆಲದ ಮೇಲೆ ಕೂತು ಮಗುವಿನಂತೆ ಅತ್ತ. ಅದರಲ್ಲಿ ಸಮಾಧಾನವೂ ಇತ್ತು: ಅದರ ಕೆಳಗೆ ಯಾರೂ ಇರಲಿಲ್ಲ.

ಆ ಸಮಾಧಾನ ಒಂದು ದಿನವೂ ಉಳಿಯಲಿಲ್ಲ. ಮಾರನೇ ದಿನ, ಅವರು ಬರುವ ಮೊದಲು, ಕೊಟ್ಟಿಗೆಯ ಬುಡ ನೋಡಲು ಹೋದ. ಗೋಡೆ ಬಿದ್ದ ರಭಸಕ್ಕೆ ಮಣ್ಣೆಲ್ಲ ಸರಿದು ಕೆಳಮೂಲೆಯ ಪಾಯ ಬಯಲಾಗಿತ್ತು. ಅಡಿಯ ಮೂಲೆಗಲ್ಲು ಬಂಡೆಯ ಮೇಲೆ ಕೂತಿತ್ತು. ಮಣ್ಣಿನ ಮೇಲಲ್ಲ, ಬಂಡೆಯ ಮೇಲೆ. ಕುಸಿಯುತ್ತ ಕುಸಿಯುತ್ತ ಕೊಟ್ಟಿಗೆ ಅಡಿಯ ಬಂಡೆಯನ್ನು ಮುಟ್ಟಿ ನಿಂತುಬಿಟ್ಟಿತ್ತು. ಯಾವಾಗ ಮುಟ್ಟಿತೋ, ಹೋದ ತಿಂಗಳೋ, ಎರಡು ವರ್ಷದ ಹಿಂದೆಯೋ. ಎರಡು ವರ್ಷದಿಂದ ಎರಡೇ ಬೆರಳು ಇದ್ದದ್ದು ಅವನ ಬೆರಳು ನಡುಗಿದ್ದಕ್ಕಲ್ಲ. ಇನ್ನು ಜಾರಲು ಅದಕ್ಕೆ ಜಾಗವೇ ಇರಲಿಲ್ಲ. ಅವನು ಸಲಿಕೆ ತಂದು ಆ ಕಲ್ಲನ್ನೂ ಬಂಡೆಯನ್ನೂ ಮಣ್ಣಿನಿಂದ ಮುಚ್ಚಿದ.

ಅಳಿಯ ಬಂದವನು ಮೊದಲು ಓಡಿದ್ದು ಮಾವನನ್ನು ಹುಡುಕಲು. ಮಾವ ಬದುಕಿರುವುದು ಕಂಡು ತಬ್ಬಿಕೊಂಡ. ಆಮೇಲೆ ಮರದಡಿ ಒಪ್ಪವಾಗಿ ಜೋಡಿಸಿದ ಸಾಮಾನು ಕಣ್ಣಿಗೆ ಬಿತ್ತು, ಮಡಚಿಟ್ಟ ಹಾಸಿಗೆ, ಕಟ್ಟಿಟ್ಟ ಪುಸ್ತಕ. ತಬ್ಬಿದ ಕೈ ತಾನಾಗಿ ಸಡಿಲವಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ. "ತಲೆ ಸರಿಯಿಲ್ಲ ಅಂತ ಗೊತ್ತಿದ್ದೂ ಒಬ್ಬರನ್ನೇ ಬಿಟ್ಟು ಹೋದೆ. ತಪ್ಪು ನಂದೇ" ಎಂದ. ಆಮೇಲೆ ಅವನು ಮಾವನ ಜೊತೆ ಮಾತಾಡಿಲ್ಲ.

ಈಗ ಅವರೆಲ್ಲ ಪೇಟೆಯ ಕಡೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಇಟ್ಟಿಗೆಯ ಗೋಡೆ, ತಗಡಿನ ಮಾಡು, ಪಕ್ಕದ ಮನೆಯವರು ಕೆಮ್ಮಿದರೂ ಕೇಳುತ್ತದೆ. ಮೇಸ್ತ್ರಿಯನ್ನೂ ಮಗಳು ಅಲ್ಲೇ ಇಟ್ಟುಕೊಂಡಿದ್ದಾಳೆ. ಹೊತ್ತು ಹೊತ್ತಿಗೆ ಬಡಿಸುತ್ತಾಳೆ. ಊರಿನವರು ಈಗ ಹೊಲಿಗೆ ಮೇಸ್ತ್ರಿ ಎನ್ನುವುದಿಲ್ಲ, ಮನೆ ಕೆಡವಿದವನು ಎನ್ನುತ್ತಾರೆ. ಮೊಮ್ಮಗಳು ಅಜ್ಜನ ಹತ್ತಿರ ಒಂಟಿಯಾಗಿ ಕೂರಲು ಹೆದರುತ್ತಾಳೆ.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಮಗಳು ತಟ್ಟೆ ಇಟ್ಟು ಎದುರಿಗೆ ಕೂತಳು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದಳು.

"ಅಪ್ಪ, ಅದು ತಾನಾಗೇ ಬೀಳ್ತಿತ್ತು, ಅಲ್ವಾ? ನಾನು ಯಾರಿಗೂ ಹೇಳಲ್ಲ. ನನಗೆ ಒಬ್ಬಳಿಗೆ ಹೇಳು. ಬೀಳ್ತಿತ್ತು ತಾನೇ?"

ಹೌದು ಎಂದರೆ ಮುಗಿಯುತ್ತಿತ್ತು. ಅವಳು ಆ ಒಂದು ಹೌದು ಕೇಳಲು ಕೂತಿದ್ದಳು. ಆದರೆ ಐದಾರು ವರ್ಷ ಬಾಯಿ ಮುಚ್ಚಿಕೊಂಡು ಏನಾಯಿತೆಂದು ಕಂಡವನು ಅವನು. ಇನ್ನೊಂದು ಸಲ ಆ ಪಾಪ ಬೇಡ ಎನಿಸಿತು. ಕೊಟ್ಟಿಗೆಯ ಮೂಲೆ ಬಂಡೆಯ ಮೇಲೆ ಕೂತದ್ದು, ತಾನು ಅದನ್ನು ಮುಚ್ಚಿದ್ದು, ಎಲ್ಲ ಹೇಳಿದ. "ಬೀಳ್ತಿತ್ತೋ ಇಲ್ವೋ ಗೊತ್ತಿಲ್ಲ ಮಗಳೇ. ನಿಂತಿರೋದೇನೋ" ಎಂದ.

ಮಗಳು ನೆಲಕ್ಕೆ ಚೆಲ್ಲಿದ್ದ ಅಗುಳುಗಳನ್ನು ಒಂದೊಂದಾಗಿ ಆಯ್ದು ತಟ್ಟೆಯ ಅಂಚಿಗಿಟ್ಟಳು.

"ಇದನ್ನ ಅವರಿಗೆ ಹೇಳಬೇಡ" ಎಂದಳು ಕಡೆಗೆ. "ನನಗೂ ಹೇಳಬಾರದಿತ್ತು ಅಪ್ಪ."

ಎದ್ದು ಒಳಗೆ ಹೋದಳು. ಅವನು ಕಲಸಿದ ಅನ್ನದಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದ, ಉಣ್ಣಲಿಲ್ಲ.